ಪೈಲಟ್ ಇಲ್ಲದ ವಿಮಾನ, ಕೆಳಗಿರುವ ಊರು



ಕಳೆದ ತಿಂಗಳು ಭಾನುವಾರದ ಪೂಜೆಯ ನಂತರ ನಡೆದ ನಮ್ಮ ಯುವಜನರ ಸಭೆ ನಿಮಗೆ ನೆನಪಿರಬಹುದು. ಅಂದು ಮಾತಾಡಲು ಇದ್ದದ್ದು ಶ್ರಮದಾನದ ದಿನ ಮತ್ತು ಕ್ರೀಡಾಕೂಟದ ಲೆಕ್ಕ. ಲೆಕ್ಕ ಮುಗಿದು ಚಹಾ ಕುಡಿಯುವಾಗ ಪ್ಲಸ್ ಟು ಕಲಿಯುವ ನಮ್ಮ ತಂಗಿಯೊಬ್ಬಳು ಕೇಳಿದಳು: "ಎಐ ಅಂದರೆ ಫೋನಿನಲ್ಲಿ ಪ್ರಶ್ನೆ ಕೇಳುವುದು ಅಷ್ಟೇ ಅಲ್ಲವಲ್ಲ? ಯುದ್ಧಕ್ಕೂ ಅದನ್ನು ಉಪಯೋಗಿಸುತ್ತಾರಂತೆ. ಅದು ತಾನೇ ಯೋಚಿಸಿ ಬಾಂಬ್ ಹಾಕುತ್ತದಾ?" 2025ರ ಮೇ ತಿಂಗಳಲ್ಲಿ ಗಡಿಯ ಎರಡೂ ಕಡೆಯಿಂದ ಡ್ರೋನ್‌ಗಳು ಹಾರಿದ ಸುದ್ದಿಯನ್ನು ನಾವೆಲ್ಲ ಟಿವಿಯ ಮುಂದೆ ಕೂತು ನೋಡಿದವರೇ. ಹಾಗಾಗಿ ಎಲ್ಲರ ಬಳಿಯೂ ಒಂದೊಂದು ಉತ್ತರ ಇತ್ತು. ಅದೆಲ್ಲ ಅಮೆರಿಕ, ಇಸ್ರೇಲಿನವರ ಕೆಲಸ, ನಮಗೇನು ಗೊತ್ತು ಎಂದರು ಒಬ್ಬರು. ಬಿಎಸ್ಸಿ ಕಲಿತದ್ದುಂಟಲ್ಲ ಎಂದು ಕೊನೆಗೆ ಪ್ರಶ್ನೆಯನ್ನು ನಮ್ಮ ತಲೆಗೆ ಕಟ್ಟಿದರು. ಅಂದು ಸರಿಯಾದ ಉತ್ತರ ಹೊಳೆಯಲಿಲ್ಲ. ಬರೆದು ಹಾಕುತ್ತೇವೆ ಎಂದು ಹೇಳಿ ತಪ್ಪಿಸಿಕೊಂಡೆವು. ಆ ಸಾಲ ತೀರಿಸುವುದಕ್ಕೆ ಈ ಬರಹ.

ಓದುತ್ತಾ ಹೋದಂತೆ ತಿಳಿದದ್ದು, ಈ ಕಥೆ ದೂರದ್ದಲ್ಲ. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ಬಸ್ಸಿನಲ್ಲಿ ಕೂತರೆ ಸೀತಾಂಗೋಳಿ ಸಿಗುತ್ತದೆ. ಅಲ್ಲಿ ಎಚ್‌ಎಎಲ್ ಕಾರ್ಖಾನೆ ಇರುವುದು ನಮಗೆಲ್ಲ ಗೊತ್ತು. ಬೇಳದ ಶೋಕಮಾತೆಯ ಚರ್ಚಿನ ಹಬ್ಬಕ್ಕೆ ಹೋಗುವಾಗ ಎಷ್ಟೋ ಸಲ ಅದೇ ದಾರಿಯಲ್ಲಿ ಹೋಗಿದ್ದೇವೆ. ಆದರೆ ಒಳಗೆ ಏನು ತಯಾರಾಗುತ್ತದೆ ಎಂದು ಕೇಳಿದವರು ಕಡಿಮೆ. 2012ರಲ್ಲಿ ಶುರುವಾದ ಈ ಘಟಕದಲ್ಲಿ ವಿಮಾನದ ರೆಕ್ಕೆಯನ್ನಾಗಲಿ ಎಂಜಿನನ್ನಾಗಲಿ ಮಾಡುವುದಿಲ್ಲ. ಅಲ್ಲಿ ಮಾಡುವುದು ಯುದ್ಧವಿಮಾನಗಳ ಒಳಗೆ ಕೂರುವ ಇಲೆಕ್ಟ್ರಾನಿಕ್ ಉಪಕರಣಗಳನ್ನು, ಮುಖ್ಯವಾಗಿ ಕಂಪ್ಯೂಟರುಗಳನ್ನು. ವಿಮಾನದ ಬೇರೆ ಬೇರೆ ಉಪಕರಣಗಳಿಂದ ಬರುವ ಮಾಹಿತಿಯನ್ನು ಕೂಡಿಸಿ ಪೈಲಟ್‌ನ ಎದುರಿಗೆ ಇಡುವುದು ಅಂಥ ಕಂಪ್ಯೂಟರಿನ ಕೆಲಸ. ನಿರ್ಧಾರ ಇನ್ನೂ ಪೈಲಟ್‌ನದೇ. ಆ ಪೈಲಟ್‌ನ ಆಸನ ನಿಧಾನಕ್ಕೆ ಖಾಲಿಯಾದ ಕಥೆಗೆ ಮಾತ್ರ ನಾವು ಘಟ್ಟ ಹತ್ತಿ ಬೆಂಗಳೂರಿಗೆ, ಅಲ್ಲಿಂದ ಚಿತ್ರದುರ್ಗದ ಬಯಲಿಗೆ ಹೋಗಬೇಕು.

ಹೋಗುವ ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಡ್ರೋನ್ ಎಂದ ಕೂಡಲೇ ಎಐ ಎನ್ನುತ್ತೇವೆ, ಅದು ಸರಿಯಲ್ಲ. ಮದುವೆಯ ವಿಡಿಯೊ ತೆಗೆಯುವವರು ಕೈಯಲ್ಲಿ ರಿಮೋಟ್ ಹಿಡಿದು ಹಾರಿಸುವುದು ಒಂದು ಬಗೆ. ಅಲ್ಲಿ ಯಂತ್ರ ಮೇಲೆ, ಬುದ್ಧಿ ಕೆಳಗೆ. ಮೊದಲೇ ಹೇಳಿಕೊಟ್ಟದ್ದನ್ನು ಅದೇ ಕ್ರಮದಲ್ಲಿ ಮಾಡುವುದು ಎರಡನೆಯದು, ನಮ್ಮ ಮನೆಯ ವಾಷಿಂಗ್ ಮೆಷಿನ್ ಹಾಗೆ. ಎದುರಿಗೆ ಬಂದದ್ದನ್ನು ತಾನೇ ನೋಡಿ, ಅಳೆದು, ಹೀಗೆ ಮಾಡಬೇಕು ಎಂದು ತಾನೇ ತೀರ್ಮಾನಿಸುವುದು ಮೂರನೆಯದು. ಅದಕ್ಕೆ ಸ್ವಾಯತ್ತ ಯಂತ್ರ ಎನ್ನುತ್ತಾರೆ. ಎಐಯ ಚರ್ಚೆ ಬರುವುದು ಅಲ್ಲಿ. ಮೊದಲನೆಯದರಿಂದ ಮೂರನೆಯದಕ್ಕೆ ಹೋಗಲು ನಮ್ಮ ನೆರೆಯವರಿಗೆ ನಾಲ್ಕು ದಶಕ ಹಿಡಿಯಿತು.

ಬೆಂಗಳೂರಿನಲ್ಲಿ 1959ರಲ್ಲಿ ಎಡಿಇ ಎಂಬ ಪ್ರಯೋಗಾಲಯ ಸ್ಥಾಪನೆಯಾಯಿತು. ಪೂರ್ತಿ ಹೆಸರು ಏರೋನಾಟಿಕಲ್ ಡೆವಲಪ್‌ಮೆಂಟ್ ಎಸ್ಟಾಬ್ಲಿಷ್‌ಮೆಂಟ್. ರಕ್ಷಣಾ ಸಂಶೋಧನೆಯ ಡಿಆರ್‌ಡಿಒ ಅಡಿಯಲ್ಲಿ ಬರುವ ಸಂಸ್ಥೆ. 1980ರ ಹೊತ್ತಿಗೆ ಇವರು 'ಲಕ್ಷ್ಯ' ಎಂಬ ಪೈಲಟ್ ಇಲ್ಲದ ವಿಮಾನದ ಕೆಲಸ ಶುರುಮಾಡಿದರು. ಹೆಸರೇ ಹೇಳುವಂತೆ ಅದು ಗುರಿ. ಉದ್ದನೆಯ ತಂತಿ ಕಟ್ಟಿ ಅದರ ತುದಿಯಲ್ಲಿ ಗುರಿಯನ್ನು ಎಳೆದುಕೊಂಡು ಹೋಗುವುದು, ಸೈನಿಕರು ಅದಕ್ಕೆ ಗುಂಡು ಹೊಡೆದು ಅಭ್ಯಾಸ ಮಾಡುವುದು. ರಾಕೆಟ್ ತಳ್ಳಿದರೆ ಮೇಲಕ್ಕೆ, ಕೆಲಸ ಮುಗಿದರೆ ಪ್ಯಾರಾಚೂಟಿನಲ್ಲಿ ಕೆಳಕ್ಕೆ. 2000ದಲ್ಲಿ ಅದು ವಾಯುಪಡೆಗೆ ಸೇರಿತು. ಅದರ ನಂತರದ್ದು 'ನಿಶಾಂತ್'. ಲಾರಿಯ ಮೇಲಿನ ಹಳಿಯಿಂದ ಚಿಮ್ಮಿಸಿ ಹಾರಿಸುವ, ಮೇಲಿನಿಂದ ನೋಡಿ ಚಿತ್ರ ಕಳಿಸುವ ವಿಮಾನ. ಭೂಸೇನೆ ನಾಲ್ಕು ಕೊಂಡಿತು, ನಾಲ್ಕೂ ಬಿದ್ದವು. ಕೊನೆಯದು ಬಿದ್ದದ್ದು 2015ರ ನವೆಂಬರ್‌ನಲ್ಲಿ, ರಾಜಸ್ಥಾನದಲ್ಲಿ.

ಈ ಬೀಳುವ ವಿಷಯವನ್ನು ನಾವು ತಮಾಷೆಗೆ ಹೇಳುತ್ತಿಲ್ಲ. ಮುಂದೆ ಇದೇ ಮುಖ್ಯವಾಗುತ್ತದೆ.

1986 ಗಮನಿಸಬೇಕಾದ ವರ್ಷ. ನಮ್ಮ ಕಾಸರಗೋಡು ಜಿಲ್ಲೆಗೆ ಆಗ ಬರೇ ಎರಡು ವರ್ಷ. ಆ ವರ್ಷ ಬೆಂಗಳೂರಿನಲ್ಲಿ ಡಿಆರ್‌ಡಿಒ 'ಕೇರ್' ಸಂಸ್ಥೆಯನ್ನು ತೆರೆಯಿತು, ಅಂದರೆ ಸೆಂಟರ್ ಫಾರ್ ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಆ್ಯಂಡ್ ರೊಬೊಟಿಕ್ಸ್. ಎಐ ಎಂಬ ಎರಡಕ್ಷರ ಪೇಟೆಯ ಜಾಹೀರಾತಿಗೆ ಬರುವುದಕ್ಕೆ ಎಷ್ಟೋ ಮೊದಲೇ ಅದು ಒಂದು ಸರ್ಕಾರಿ ಕಚೇರಿಯ ಬೋರ್ಡಿನ ಮೇಲಿತ್ತು. ಗಣಿತ ಮತ್ತು ನಿಯಂತ್ರಣ ಸಿದ್ಧಾಂತದಲ್ಲಿ ಹೆಸರು ಮಾಡಿದ್ದ ಎಂ. ವಿದ್ಯಾಸಾಗರ್ ಅವರು ವಿದೇಶದಿಂದ ಮರಳಿ 1989ರಿಂದ 2000ದವರೆಗೆ ಅದನ್ನು ನಡೆಸಿದರು. ಅದೇ 1986ರಲ್ಲಿ ಇಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಇನ್ನೊಂದು ಯೋಜನೆ ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮದ್ರಾಸಿನ ಐಐಟಿ, ಮುಂಬಯಿಯ ಟಿಐಎಫ್‌ಆರ್, ಕಲ್ಕತ್ತೆಯ ಐಎಸ್‌ಐ ಮೊದಲಾದ ಕಡೆ ಯಂತ್ರಕ್ಕೆ ಮಾತು, ಚಿತ್ರ, ತರ್ಕ ಕಲಿಸುವ ಸಂಶೋಧನೆ ಅದು. ಜಪಾನ್ 1982ರಲ್ಲಿ 'ಐದನೇ ತಲೆಮಾರಿನ ಕಂಪ್ಯೂಟರ್' ಯೋಜನೆ ಹೊರಡಿಸಿದ್ದೇ ತಡ, ಎಲ್ಲ ದೇಶಗಳಿಗೂ ನಾವು ಹಿಂದೆ ಬಿದ್ದರೆ ಹೇಗೆ ಎಂಬ ಭಯ ಹುಟ್ಟಿತ್ತು. ನಮ್ಮಲ್ಲಿ ಎಐ ಹುಟ್ಟುವಾಗಲೇ ಅವಳಿ: ಒಂದು ರಕ್ಷಣೆಯ ಮನೆಯಲ್ಲಿ ಬೆಳೆಯಿತು, ಇನ್ನೊಂದು ವಿಜ್ಞಾನದ ಮನೆಯಲ್ಲಿ.

ಈಗ ಚಿತ್ರದುರ್ಗಕ್ಕೆ ಬನ್ನಿ. ಚಳ್ಳಕೆರೆಯ ಕಡೆ ಹೋದವರಿಗೆ ಗೊತ್ತು, ನಮ್ಮಲ್ಲಿನ ಹಾಗೆ ಗುಡ್ಡೆ, ತೋಡು, ಅಡಿಕೆ ತೋಟ ಎಂದು ಕಣ್ಣಿಗೆ ತಡೆ ಇಲ್ಲ. ಮಳೆ ಕಡಿಮೆ, ಹುಲ್ಲಿನ ಬಯಲು. ಮೈಸೂರಿನ ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೇಯಲು ಬಿಟ್ಟ ಕಾವಲುಗಳು ಅಲ್ಲಿದ್ದವು. ಟಿಪ್ಪುವಿನ ಸೈನ್ಯದ ಫಿರಂಗಿ ಎಳೆದ ಎತ್ತುಗಳು ಅದೇ ತಳಿ. ಆ ಹುಲ್ಲಿನಲ್ಲಿ ಕುರಿ ಮೇಯಿಸಿ, ಉಣ್ಣೆ ಕತ್ತರಿಸಿ, ಕಂಬಳಿ ನೇಯ್ದು ಬದುಕಿದ ಊರುಗಳು ಸುತ್ತಲೂ ಇವೆ. 2007ರ ನಂತರ ಈ ಕಾವಲುಗಳಲ್ಲಿ ಸುಮಾರು 10,000 ಎಕರೆ ಒಂದೊಂದಾಗಿ ಸರ್ಕಾರಿ ಸಂಸ್ಥೆಗಳಿಗೆ ಹೋಯಿತು. ಡಿಆರ್‌ಡಿಒಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಉಳಿದದ್ದರಲ್ಲಿ ಬಾಬಾ ಅಣು ಸಂಶೋಧನಾ ಕೇಂದ್ರ ಮತ್ತು ಇಸ್ರೊಗೆ ಪಾಲು. ಬೇಲಿ, ಗೋಡೆ ಎದ್ದ ಮೇಲೆ ಊರವರು ತಮ್ಮ ಗೋಮಾಳ ಎಲ್ಲಿ ಹೋಯಿತು ಎಂದು ಕೇಳಿದರು. 2013ರಲ್ಲಿ ವಿಷಯ ಚೆನ್ನೈಯ ಹಸಿರು ನ್ಯಾಯಮಂಡಳಿಯಲ್ಲಿ ವಿಚಾರಣೆಗೆ ಬಂತು. ಮರುವರ್ಷ ಕೆಲವು ಷರತ್ತುಗಳೊಂದಿಗೆ ಕೆಲಸ ಮುಂದುವರಿಯಿತು.

ಬಯಲು ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ಸರಳ. ಪೈಲಟ್ ಇಲ್ಲದ್ದನ್ನು ಹಾರಿಸಿ ಕಲಿಯಬೇಕಾದರೆ ಅದು ಬಿದ್ದರೂ ಯಾರ ತಲೆಯ ಮೇಲೂ ಬೀಳದ ಜಾಗ ಬೇಕು. 2017ರ ಮೇ ತಿಂಗಳಲ್ಲಿ ಅಲ್ಲಿ ಏರೋನಾಟಿಕಲ್ ಟೆಸ್ಟ್ ರೇಂಜ್ ಅಧಿಕೃತವಾಗಿ ಉದ್ಘಾಟನೆಯಾಯಿತು. ಅದಕ್ಕೂ ಮೊದಲೇ, 2016ರ ನವೆಂಬರ್ 15ರಂದು, 'ರುಸ್ತುಂ-2' ಅಲ್ಲಿಂದ ಮೊದಲ ಬಾರಿ ಹಾರಿತ್ತು. ಈ ರುಸ್ತುಂ ಎಂಬ ಹೆಸರು ಬಂದದ್ದು ಬೆಂಗಳೂರಿನ ಎನ್‌ಎಎಲ್ ವಿಜ್ಞಾನಿ ರುಸ್ತುಂ ದಮಾನಿಯಾ ಅವರಿಂದ. ಮನುಷ್ಯ ಕೂತು ಹಾರಿಸುವ ಒಂದು ಪುಟ್ಟ ವಿಮಾನವನ್ನು ಅವರ ತಂಡ ರೂಪಿಸಿತ್ತು. ಅದೇ ವಿನ್ಯಾಸದಿಂದ, ಆಸನದ ಅಗತ್ಯವನ್ನೇ ತೆಗೆದು, ಮೊದಲ ರುಸ್ತುಂ ಮಾಡಿದರು. ಎರಡನೆಯದಕ್ಕೆ ಮುಂದೆ 'ತಪಸ್' ಎಂದು ಹೆಸರಾಯಿತು. 2023ರ ಜೂನ್ 16ರ ಬೆಳಿಗ್ಗೆ ಇದು ಚಿತ್ರದುರ್ಗದಲ್ಲಿ ಏರಿ ನಮ್ಮ ಅರಬ್ಬಿ ಸಮುದ್ರದ ಮೇಲೆ ಬಂತು. ಕಾರವಾರದ ತೀರದಿಂದ 148 ಕಿಲೋಮೀಟರ್ ಆಚೆ ಇದ್ದ ನೌಕಾಪಡೆಯ ಐಎನ್‌ಎಸ್ ಸುಭದ್ರಾ ಹಡಗಿನವರು 40 ನಿಮಿಷ ಅದರ ಹಿಡಿತವನ್ನು ತಮ್ಮ ಕೈಗೆ ತೆಗೆದುಕೊಂಡು, ಮತ್ತೆ ಚಿತ್ರದುರ್ಗಕ್ಕೆ ಒಪ್ಪಿಸಿದರು. ಘಟ್ಟದ ಮೇಲಿನ ಬಯಲಿನಿಂದ ಕಡಲಿಗೆ ಬಂದು ಮರಳಿದ ಆ ವಿಮಾನದಲ್ಲಿ ಯಾರೂ ಇರಲಿಲ್ಲ.

ಅದೇ ಬಯಲಿನಲ್ಲಿ ಇನ್ನೊಂದು ವಿಚಿತ್ರ ಕೆಲಸವೂ ನಡೆಯುತ್ತಿತ್ತು. ಇಸ್ರೊದವರು ಉಳ್ಳಾರ್ತಿ ಕಾವಲಿನಲ್ಲಿ ಗುಂಡಿ ತೋಡಿದರು. ಒಂದಲ್ಲ, ಹಲವು. ಚಂದ್ರನ ಮೇಲಿನ ಕುಳಿಗಳ ಹಾಗೆ ಕಾಣಬೇಕು, ಅಷ್ಟೇ. ಚಂದ್ರಯಾನದ ಲ್ಯಾಂಡರಿನಲ್ಲಿ ಹಾಕಬೇಕಾದ ಸೆನ್ಸರುಗಳನ್ನು ವಿಮಾನಕ್ಕೆ ಕಟ್ಟಿ ಅದರ ಮೇಲೆ ಹಾರಿಸಿ, ಇದು ಕುಳಿ, ಇದು ಸಮತಟ್ಟು ಎಂದು ಗುರುತಿಸಲು ಬರುತ್ತದೋ ಎಂದು ಪರೀಕ್ಷಿಸಿದರು. ಕುರಿ ಮೇಯುತ್ತಿದ್ದ ನೆಲದಲ್ಲಿ ಚಂದ್ರ! ನಮಗೆ ಇದನ್ನು ಓದಿದಾಗ ಖುಷಿಯೂ ಆಯಿತು, ಆ ಕುರಿಯವರ ನೆನಪೂ ಆಯಿತು.

ಇನ್ನು ಎರಡು ವರ್ಷಗಳ ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 2019ರ ಸೆಪ್ಟೆಂಬರ್ 7ರ ಮುಂಜಾವಿನಲ್ಲಿ ಚಂದ್ರಯಾನ-2ರ ವಿಕ್ರಮ್ ಚಂದ್ರನ ನೆಲ ಮುಟ್ಟುವ ಸ್ವಲ್ಪ ಮೊದಲು ಸಂಪರ್ಕ ಕಡಿದುಕೊಂಡು ಅಪ್ಪಳಿಸಿತು. ಹತ್ತು ದಿನ ಬಿಟ್ಟು, ಸೆಪ್ಟೆಂಬರ್ 17ರ ಬೆಳಿಗ್ಗೆ, ರುಸ್ತುಂ-2 ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿಯ ಬಳಿ ಬಿತ್ತು. ನಾಲ್ಕು ವರ್ಷದ ನಂತರ, 2023ರ ಆಗಸ್ಟ್ 20ರ ಭಾನುವಾರ, ನಾವು ಪೂಜೆಗೆ ಹೊರಡುವ ಹೊತ್ತಿಗೆ, ಹಿರಿಯೂರು ತಾಲೂಕಿನ ವದ್ದಿಕೆರೆಯ ಹೊಲದಲ್ಲಿ ತಪಸ್ ಬಿತ್ತು. ಅದಾಗಿ ಮೂರೇ ದಿನ. ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಚಂದ್ರನ ದಕ್ಷಿಣ ಧ್ರುವದ ಕಡೆ ಮೆಲ್ಲನೆ ಕಾಲೂರಿತು. ಎರಡು ಅವಘಡಗಳಲ್ಲೂ ನೆಲದ ಮೇಲಿದ್ದ ಯಾರಿಗೂ ಜೀವಹಾನಿ ಆಗಲಿಲ್ಲ, ದೇವರ ದಯೆ. ನಾವು ಇಲ್ಲಿ ಯಾರನ್ನೂ ಹೀಗಳೆಯುತ್ತಿಲ್ಲ. ಮನುಷ್ಯ ಇಲ್ಲದೆ ಹಾರಿಸುವುದು, ಇಳಿಸುವುದು ಎಷ್ಟು ಕಷ್ಟ ಎಂದು ಈ ನಾಲ್ಕು ದಿನಗಳೇ ಹೇಳುತ್ತವೆ.

ವಿಕ್ರಮ್ ಇಳಿದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಆ ತಂಗಿಯ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿದೆ. ಚಂದ್ರ ಸುಮಾರು 3,84,000 ಕಿಲೋಮೀಟರ್ ದೂರ. ಬೆಂಗಳೂರಿನ ಪೀಣ್ಯದ ಕೇಂದ್ರದಿಂದ ಹೊರಟ ಸಂಕೇತ ಅಲ್ಲಿಗೆ ಮುಟ್ಟಲು ಒಂದೂಕಾಲು ಸೆಕೆಂಡಿಗೂ ಹೆಚ್ಚು ಬೇಕು, ಉತ್ತರ ಬರಲು ಮತ್ತೆ ಅಷ್ಟೇ. ಕೆಳಗೊಂದು ಬಂಡೆ ಕಂಡಿತು ಎಂದು ಇಲ್ಲಿಂದ ಹೇಳಿ, "ಎಡಕ್ಕೆ ತಿರುಗು" ಎನ್ನುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಹಾಗಾಗಿ ಸಂಜೆ 5.44ರ ಹೊತ್ತಿಗೆ ಇಳಿಯುವ ಅನುಕ್ರಮಕ್ಕೆ ಚಾಲನೆ ಸಿಕ್ಕ ಮೇಲೆ ಭೂಮಿಯವರು ಕೈಬಿಟ್ಟರು. ಮೂವತ್ತು ಕಿಲೋಮೀಟರ್ ಎತ್ತರ, ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ವೇಗ. ಮುಂದಿನ ಹತ್ತೊಂಬತ್ತು ನಿಮಿಷ ಎಂಜಿನ್ ಎಷ್ಟು ಉರಿಸಬೇಕು, ಮೈ ಹೇಗೆ ತಿರುಗಿಸಬೇಕು ಎಂಬುದೆಲ್ಲ ಅದರದೇ ಲೆಕ್ಕ. ಸುಮಾರು 150 ಮೀಟರ್ ಎತ್ತರದಲ್ಲಿ ಅದು ನಿಂತು ಕೆಳಗೆ ನೋಡಿತು. ಅಪಾಯ ಗುರುತಿಸುವ ಕ್ಯಾಮೆರಾ ತೆಗೆದ ಚಿತ್ರದಲ್ಲಿ ಇಳಿಯುವಂಥ ಜಾಗ ಯಾವುದು ಎಂದು ಆರಿಸಿ ಇಳಿಯಿತು. ನಮ್ಮ ಟಿವಿಯಲ್ಲಿ ಕಂಡ ಆ ಇಂಜಿನಿಯರುಗಳು ಅಷ್ಟು ಹೊತ್ತು ಮಾಡಿದ್ದು ನಾವು ಮಾಡಿದ್ದನ್ನೇ. ಕೂತು ನೋಡಿದರು, ಬಹುಶಃ ಪ್ರಾರ್ಥಿಸಿದರು. ಇದನ್ನು ಎಐ ಎನ್ನಬೇಕೇ ಬೇಡವೇ ಎಂದು ಪಂಡಿತರು ವಾದಿಸಬಹುದು. ಯಂತ್ರ ತಾನೇ ತೀರ್ಮಾನಿಸಿತು ಎನ್ನುವುದರಲ್ಲಿ ವಾದ ಇಲ್ಲ.

2019ರ ಸೋಲು 2023ರಲ್ಲಿ ಗೆಲುವಾದದ್ದು ಹೇಗೆ? ಆಗಿನ ಇಸ್ರೊ ಅಧ್ಯಕ್ಷ ಎಸ್. ಸೋಮನಾಥ್ ಅದನ್ನು ಮುಚ್ಚಿಡದೆ ಪತ್ರಕರ್ತರ ಎದುರು ವಿವರಿಸಿದರು. ಐದು ಎಂಜಿನುಗಳು ಅಂದುಕೊಂಡದ್ದಕ್ಕಿಂತ ಹೆಚ್ಚು ತಳ್ಳಿದವು, ತಪ್ಪು ಮೇಲಿಂದ ಮೇಲೆ ಕೂಡುತ್ತಾ ಹೋಯಿತು. ಸರಿಪಡಿಸಲು ವೇಗವಾಗಿ ತಿರುಗಬೇಕಾದಾಗ ಸಾಫ್ಟ್‌ವೇರ್ ಹಾಕಿದ್ದ ಮಿತಿ ಅಡ್ಡ ಬಂತು. ಇಳಿಯಲು ಕೊಟ್ಟ ಜಾಗವೂ 500 ಮೀಟರ್ ಚದರ, ಇಕ್ಕಟ್ಟು. ಆದ್ದರಿಂದ ಚಂದ್ರಯಾನ-3ರಲ್ಲಿ ಎಂಜಿನ್ ನಾಲ್ಕಾಯಿತು, ಇಂಧನ ಹೆಚ್ಚಾಯಿತು, ಕಾಲು ಗಟ್ಟಿಯಾಯಿತು, ಇಳಿಯುವ ಜಾಗ 4 ಕಿಲೋಮೀಟರ್ ಉದ್ದ, ಎರಡೂವರೆ ಕಿಲೋಮೀಟರ್ ಅಗಲಕ್ಕೆ ಬೆಳೆಯಿತು. ಎಲ್ಲ ಸರಿಹೋದರೆ ಹೇಗೆ ಗೆಲ್ಲುವುದು ಎಂದು ಲೆಕ್ಕ ಹಾಕುವ ಬದಲು, ಏನೇನು ಕೈಕೊಡಬಹುದು, ಕೊಟ್ಟರೂ ಇಳಿಯುವುದು ಹೇಗೆ ಎಂದು ಲೆಕ್ಕ ಹಾಕಿದರು. ಪರೀಕ್ಷೆಯಲ್ಲಿ ಫೇಲಾದ ಪೇಪರನ್ನು ಮನೆಯವರಿಗೆ ತೋರಿಸುವ ಧೈರ್ಯ ನಮ್ಮಲ್ಲಿ ಎಷ್ಟು ಮಂದಿಗೆ ಉಂಟು? ಇವರು ದೇಶಕ್ಕೇ ತೋರಿಸಿದರು.

ರಕ್ಷಣೆಯ ಮನೆಯಲ್ಲಿ ಬೆಳೆದ ಅವಳಿಗೆ ಈ ಸ್ವಾತಂತ್ರ್ಯ ಇಲ್ಲ. ಮಾಹಿತಿ ಹಕ್ಕು ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಡಿಆರ್‌ಡಿಒ ಹೆಸರು ಉಂಟು. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ದೂರು ಬಿಟ್ಟರೆ ಅವರು ಮಾಹಿತಿ ಕೊಡಬೇಕಾಗಿಲ್ಲ. ವೈರಿಗೆ ನಮ್ಮ ವಿಮಾನದ ದೌರ್ಬಲ್ಯ ತಿಳಿಯಬಾರದು, ಅದು ನ್ಯಾಯವೇ. ಆದರೆ ವದ್ದಿಕೆರೆಯ ಹೊಲದ ಯಜಮಾನ ವೈರಿಯಲ್ಲ. ಇವತ್ತು ಅವನ ಹೊಲದಲ್ಲಿ ಬಿದ್ದದ್ದು ಬರೇ ನೋಡುವ ವಿಮಾನ. ಮುಂದಿನವು ಹಾಗಿರುವುದಿಲ್ಲ. 2022ರ ಜುಲೈ 1ರಂದು ಅದೇ ಚಿತ್ರದುರ್ಗದಲ್ಲಿ ಎಡಿಇಯವರು ಬಾಲವೇ ಇಲ್ಲದ, ಬರೇ ರೆಕ್ಕೆಯ ಆಕಾರದ ಒಂದು ಪ್ರಾಯೋಗಿಕ ವಿಮಾನ ಹಾರಿಸಿದರು. ಏರಿದ್ದು, ಹಾದಿ ಹಿಡಿದದ್ದು, ಇಳಿದದ್ದು ಎಲ್ಲವೂ ಅದರದೇ ಲೆಕ್ಕದಲ್ಲಿ. ರಾಡಾರಿಗೆ ಸಿಗದ ಹಾಗೆ ಹೋಗುವ ಯುದ್ಧವಿಮಾನಗಳಿಗೆ ಇದು ಮೊದಲ ಮೆಟ್ಟಿಲು. ಅದೇ ಜುಲೈ 11ರಂದು ದೆಹಲಿಯಲ್ಲಿ ರಕ್ಷಣಾ ಸಚಿವರು ಎಐ ಬಳಸುವ 75 ಉಪಕರಣಗಳನ್ನು ಒಟ್ಟಿಗೇ ಬಿಡುಗಡೆ ಮಾಡಿದರು. ಅದಕ್ಕೆ ಮುಂಚೆ 2018ರಲ್ಲಿ ಟಾಟಾ ಸನ್ಸ್‌ನ ಎನ್. ಚಂದ್ರಶೇಖರನ್ ನೇತೃತ್ವದ ಕಾರ್ಯಪಡೆ ವರದಿ ಕೊಟ್ಟಿತ್ತು, ರಕ್ಷಣಾ ಎಐ ಮಂಡಳಿ ರಚನೆಯಾಗಿತ್ತು, ವರ್ಷಕ್ಕೆ 100 ಕೋಟಿ ರೂಪಾಯಿ ತೆಗೆದಿಟ್ಟಿದ್ದರು. 2020ರ ಜನವರಿ 2ರಂದು ಬೆಂಗಳೂರಿನಲ್ಲಿ ಎಐಗೆಂದೇ ಒಂದು ಯುವ ವಿಜ್ಞಾನಿಗಳ ಪ್ರಯೋಗಾಲಯವೂ ಬಂತು. ಅದರಲ್ಲಿ ನಿರ್ದೇಶಕರಾದಿಯಾಗಿ ಎಲ್ಲರೂ 35 ವರ್ಷದ ಒಳಗಿನವರಾಗಿರಬೇಕು. ಅಂದರೆ ನಮ್ಮ ಪ್ರಾಯದವರು!

ಇಲ್ಲಿ ನಮ್ಮ ಜಿಲ್ಲೆಯ ಒಂದು ಹಳೆಯ ಕಥೆ ನೆನಪಾಗದೆ ಇರಲಿಲ್ಲ. ಅದರಲ್ಲಿ ಎಐ ಇಲ್ಲ. ಹೆಲಿಕಾಪ್ಟರಿನಲ್ಲಿ ಪೈಲಟ್ ಇದ್ದ. 1970ರ ದಶಕದ ಕೊನೆಯಿಂದ 2000ದವರೆಗೆ ಎಣ್ಮಕಜೆ, ಪಡ್ರೆ, ಸ್ವರ್ಗ, ಪೆರ್ಲ, ಮುಳಿಯಾರು ಕಡೆಯ ಗುಡ್ಡೆಗಳಲ್ಲಿದ್ದ ಸರ್ಕಾರಿ ಸ್ವಾಮ್ಯದ ಗೇರು ತೋಟಗಳಿಗೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ನಿಯಮ ಇರಲಿಲ್ಲವೆಂದಲ್ಲ. ಮರದ ತುದಿಯಿಂದ ಸ್ವಲ್ಪವೇ ಮೇಲೆ ಹಾರಬೇಕು, ನೀರಿನ ಮೂಲಗಳನ್ನು ಮುಚ್ಚಬೇಕು. ಬಯಲುಸೀಮೆಯಲ್ಲಿ ಅದು ಆದೀತು. ನಮ್ಮ ಗುಡ್ಡ, ಕಣಿವೆಯ ಮೇಲೆ ಹೆಲಿಕಾಪ್ಟರ್ ಮರದ ತುದಿಗೆ ತಾಗಿ ಹೋಗುವುದುಂಟೇ? ಬಾವಿಗೆ ತೆಂಗಿನ ಮಡಲು ಮುಚ್ಚಬಹುದು. ಸುರಂಗಕ್ಕೆ, ತೋಡಿಗೆ ಏನು ಮುಚ್ಚುವುದು? ಮೇಲೆ ಕೂತವನಿಗೆ ಕಂಡದ್ದು ಗೇರು ತೋಟ ಮಾತ್ರ. ಅದರ ಮಧ್ಯದಲ್ಲಿ ಮನೆ, ಶಾಲೆ, ಹಟ್ಟಿ ಇದ್ದದ್ದು ಅವನ ನಕ್ಷೆಯಲ್ಲಿ ಇರಲಿಲ್ಲ.

ಅಂಗವಿಕಲ ಕರುಗಳು ಹುಟ್ಟುವುದನ್ನು ಕಂಡು ಶುರುವಿನಲ್ಲೇ ಬರೆದವರು ಪಡ್ರೆಯ ಪತ್ರಕರ್ತ ಶ್ರೀ ಪಡ್ರೆ. ಒಂದೇ ಊರಿನಲ್ಲಿ ಇಷ್ಟು ಮಂದಿಗೆ ಇಂಥ ಕಾಯಿಲೆ ಯಾಕೆ ಎಂದು ರೋಗಿಗಳ ಪಟ್ಟಿ ಹಿಡಿದು ಕೇಳಿದವರು ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್. ಕೋರ್ಟಿಗೆ ಹೋದವರು ಕೃಷಿ ಇಲಾಖೆಯಲ್ಲೇ ಕೆಲಸಕ್ಕಿದ್ದ ಲೀಲಾಕುಮಾರಿ ಅಮ್ಮ. ಹೊಸದುರ್ಗದ ಮುನ್ಸಿಫ್ ಕೋರ್ಟಿನ ಆದೇಶದ ನಂತರ ಆಕಾಶದ ಸಿಂಪಡಣೆ ನಿಂತಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ನಿಷೇಧಿಸಿತು. 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಎಂದಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಅದೇ ಕೋರ್ಟ್ ವಿಚಾರಿಸಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು 8 ಮಂದಿಗೆ.

ಪೈಲಟ್ ಇದ್ದ ಕಾಲದಲ್ಲೇ ಹೀಗೆ. ಪೈಲಟ್, ಅವನಿಗೆ ಹೇಳಿದ ಅಧಿಕಾರಿ, ಔಷಧಿ ಮಾರಿದವರು, ಅನುಮತಿ ಕೊಟ್ಟವರು ಎಲ್ಲರೂ ಹೆಸರು, ವಿಳಾಸ ಇದ್ದ ಮನುಷ್ಯರು. ಆದರೂ ಉತ್ತರ ಪಡೆಯಲು ಪಡ್ರೆ, ಸ್ವರ್ಗದವರಿಗೆ ಇಷ್ಟು ವರ್ಷ ಬೇಕಾಯಿತು. ಇನ್ನು ಆ ಸರಪಳಿಯಿಂದ ಪೈಲಟ್‌ನನ್ನೂ ತೆಗೆದು, ಅವನ ಜಾಗದಲ್ಲಿ ಸಾಫ್ಟ್‌ವೇರ್ ಇಟ್ಟು, ಸುತ್ತಲೂ ಗೋಪ್ಯತೆಯ ಗೋಡೆ ಕಟ್ಟಿದರೆ? ಯಂತ್ರಕ್ಕೆ ಬುದ್ಧಿ ಬರುವುದಕ್ಕಿಂತ ನಮಗೆ ಹೆಚ್ಚು ಭಯವಾಗುವುದು ಇದು. ತಪ್ಪು ಮಾಡಿದ ವಿಕ್ರಮ್ ಚಂದ್ರನ ಧೂಳಿನಲ್ಲಿ ಬಿದ್ದಿತು, ಕೆಳಗೆ ಯಾರೂ ಇರಲಿಲ್ಲ. ಹಾಗಿದ್ದರೂ ಅದರ ತಪ್ಪಿನ ಲೆಕ್ಕ ಕೊಟ್ಟರು. ಮನುಷ್ಯರು ಇರುವ ನೆಲದ ಮೇಲೆ ತೀರ್ಮಾನ ತೆಗೆದುಕೊಳ್ಳುವ ಯಂತ್ರದ ಲೆಕ್ಕ ಅದಕ್ಕಿಂತ ಕಡಿಮೆ ಆಗಬಾರದಲ್ಲ?

ಈ ಪ್ರಶ್ನೆಯನ್ನು ಜಗತ್ತು ಕೇಳದೆ ಬಿಟ್ಟಿಲ್ಲ. ಜಿನೀವಾದಲ್ಲಿ ವಿಶ್ವಸಂಸ್ಥೆಯ ಅಡಿಯಲ್ಲಿ ಸ್ವಾಯತ್ತ ಮಾರಕಾಸ್ತ್ರಗಳ ಬಗ್ಗೆ ಸರ್ಕಾರಗಳ ತಜ್ಞರ ಗುಂಪು 2017ರಲ್ಲಿ ಮೊದಲ ಸಭೆ ಸೇರಿದಾಗ ಅಧ್ಯಕ್ಷತೆ ವಹಿಸಿದ್ದವರು ಭಾರತದ ರಾಯಭಾರಿ ಅಮನ್‌ದೀಪ್ ಸಿಂಗ್ ಗಿಲ್. ಆದರೆ 2023ರ ಡಿಸೆಂಬರ್ 22ರಂದು ಇದೇ ವಿಷಯದ ನಿರ್ಣಯ ವಿಶ್ವಸಂಸ್ಥೆಯ ಮಹಾಸಭೆಗೆ ಬಂದಾಗ 152 ದೇಶಗಳು ಪರವಾಗಿ, 4 ದೇಶಗಳು ವಿರುದ್ಧವಾಗಿ ಮತ ಹಾಕಿದವು. ಆ ನಾಲ್ಕರಲ್ಲಿ ಭಾರತವೂ ಒಂದು. ಚರ್ಚೆ ಜಿನೀವಾದಲ್ಲೇ ನಡೆಯಲಿ, ಇನ್ನೊಂದು ಸಮಾನಾಂತರ ದಾರಿ ಬೇಡ, ಕಾನೂನಿನ ಕಟ್ಟು ಹಾಕಲು ಇದು ಕಾಲವಲ್ಲ ಎಂಬುದು ನಮ್ಮ ದೇಶದ ವಾದ. ಎರಡು ಕಡೆ ಅಣ್ವಸ್ತ್ರ ಇರುವ ನೆರೆಯವರನ್ನು ಇಟ್ಟುಕೊಂಡ ದೇಶ ತನ್ನ ಕೈ ತಾನೇ ಕಟ್ಟಿಕೊಳ್ಳಲು ಹೆದರುವುದು ನಮಗೆ ಅರ್ಥವಾಗುತ್ತದೆ. ನಮ್ಮ ಊರುಗಳಿಂದಲೂ ಸೇನೆಗೆ ಹೋದವರಿದ್ದಾರೆ. ಯಂತ್ರ ಮುಂದೆ ಹೋದರೆ ನಮ್ಮ ಹುಡುಗ ಮನೆಗೆ ಬರುತ್ತಾನೆ ಎನ್ನುವ ತಾಯಿಯ ಎದುರು ದೊಡ್ಡ ಮಾತು ಆಡುವುದು ಸುಲಭವಲ್ಲ.

ಆದರೂ ಸಭೆಯ ನಿಲುವು ಏನು ಎಂದು ಯುವಜನರಾದ ನಮಗೆ ತಿಳಿದಿರಬೇಕು. 2024ರ ಜೂನ್ 14ರಂದು ಇಟಲಿಯಲ್ಲಿ ಜಿ7 ನಾಯಕರ ಎದುರು ಮಾತಾಡಿದ ಪೋಪ್ ಫ್ರಾನ್ಸಿಸ್, ಸ್ವಾಯತ್ತ ಮಾರಕಾಸ್ತ್ರಗಳನ್ನು ನಿಷೇಧಿಸುವ ದಾರಿ ಹುಡುಕಿ ಎಂದು ಕೇಳಿಕೊಂಡರು. ಮನುಷ್ಯನ ಪ್ರಾಣ ತೆಗೆಯುವ ನಿರ್ಧಾರ ಯಾವ ಯಂತ್ರದ ಪಾಲಿಗೂ ಹೋಗಬಾರದು ಎಂಬುದು ಅವರ ಮಾತಿನ ಸಾರ. 2025ರ ಜನವರಿ 28ರಂದು ವ್ಯಾಟಿಕನ್ ಹೊರಡಿಸಿದ 'ಆಂತಿಕ್ವಾ ಎತ್ ನೋವಾ' ಎಂಬ ಟಿಪ್ಪಣಿಯಲ್ಲೂ ಯುದ್ಧದ ವಿಷಯ ಬಂದಿದೆ. ಅದೇ ಟಿಪ್ಪಣಿ ಎಐಯನ್ನು ಮನುಷ್ಯನ ಬುದ್ಧಿಯಿಂದಲೇ ಹುಟ್ಟಿದ ಸಾಧನ ಎಂದು ನೋಡುತ್ತದೆ, ಭೂತ ಎಂದು ಹೆದರಿಸುವುದಿಲ್ಲ. ಹೆದರುವುದಾದರೆ ಸೀತಾಂಗೋಳಿಯ ಗೇಟಿನೊಳಗೆ ಕೆಲಸ ಹುಡುಕುವ ನಮ್ಮ ಡಿಪ್ಲೊಮಾ, ಬಿಎಸ್ಸಿ ಹುಡುಗ ಹುಡುಗಿಯರಿಗೆ ಏನು ಹೇಳುವುದು? ಹೋಗಿ ಎಂದೇ ಹೇಳುತ್ತೇವೆ. ಅಂಥಲ್ಲಿ ಕೂತವರಲ್ಲಿ ಒಬ್ಬರಾದರೂ ಪಡ್ರೆ, ಸ್ವರ್ಗದ ಕಥೆ ಗೊತ್ತಿದ್ದವರು ಇರಲಿ ಎಂಬ ಆಸೆಯೂ ಉಂಟು.

ಇನ್ನೊಂದು ಮಾತು ಬಿಟ್ಟುಹೋಗಬಾರದು. ಆಕಾಶದಿಂದ ಔಷಧಿ ಹೊಡೆಯುವುದು ಮತ್ತೆ ಬಂದಿದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15,000 ಸ್ವಸಹಾಯ ಸಂಘಗಳ ಮಹಿಳೆಯರಿಗೆ ಡ್ರೋನ್ ಕೊಡುವುದೆಂದು ತೀರ್ಮಾನವಾಯಿತು. ಬೆಳೆಗೆ ಗೊಬ್ಬರ, ಕೀಟನಾಶಕ ಸಿಂಪಡಿಸಲು. ಒಳ್ಳೆಯದೇ. ಬೆನ್ನಿಗೆ ಡಬ್ಬಿ ಕಟ್ಟಿ, ಮೂಗಿಗೆ ಬಟ್ಟೆ ಸುತ್ತಿ ಹೊಡೆಯುವವರ ಕಷ್ಟ ನಾವು ಕಂಡವರು. ಹೆಲಿಕಾಪ್ಟರಿಗೂ ಡ್ರೋನಿಗೂ ಹೋಲಿಕೆ ಇಲ್ಲ, ಅದು ತೋಟದ ಮೇಲೆ ಕೆಳಗೇ ಹಾರುತ್ತದೆ, ನಡೆಸುವವಳು ಅದೇ ಊರಿನವಳು. ಬಾವಿ ಎಲ್ಲಿದೆ, ಸುರಂಗ ಎಲ್ಲಿದೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದು ಅವಳಿಗೆ ಗೊತ್ತು. ಮುಂದೆ ಅವಳ ಬದಲು ಡ್ರೋನೇ ನಕ್ಷೆ ನೋಡಿ ಹೋಗುವ ದಿನ ಬಂದರೆ ಆ ನಕ್ಷೆಯಲ್ಲಿ ಇದೆಲ್ಲ ಇರುತ್ತದೋ ಎಂದು ಕೇಳಬೇಕಾದವರು ಕೆಳಗಿರುವ ನಾವೇ.

ತಂಗಿ, ನಿನ್ನ ಪ್ರಶ್ನೆಗೆ ಚುಟುಕಾದ ಉತ್ತರ ಬೇಕೆಂದರೆ: ತಾನೇ ಹಾರುವುದು, ತಾನೇ ಇಳಿಯುವುದು ನಮ್ಮ ದೇಶದ ಯಂತ್ರಗಳಿಗೆ ಈಗ ಬರುತ್ತದೆ. ತಾನೇ ಕೊಲ್ಲಬಹುದೋ ಎಂಬುದನ್ನು ಯಂತ್ರ ನಿರ್ಧರಿಸುವುದಿಲ್ಲ, ಅದಕ್ಕೆ ಅನುಮತಿ ಕೊಡುವ ಮನುಷ್ಯರು ನಿರ್ಧರಿಸುತ್ತಾರೆ. ಅದು ಇನ್ನೂ ತೀರ್ಮಾನವಾಗದ ವಿಷಯ.

ಮುಂದಿನ ತಿಂಗಳ ಸಭೆಗೆ ನಾವು ಒಂದು ಕೆಲಸ ಇಟ್ಟುಕೊಂಡಿದ್ದೇವೆ. ಹೆಲಿಕಾಪ್ಟರಿನ ಕಾಲವನ್ನು ಕಣ್ಣಾರೆ ಕಂಡ ಹಿರಿಯರು ನಮ್ಮ ವಾಳೆಗಳಲ್ಲಿ ಇನ್ನೂ ಇದ್ದಾರೆ. ಶಬ್ದ ಕೇಳಿದ ಕೂಡಲೇ ಏನು ಮಾಡುತ್ತಿದ್ದರು, ಬಾವಿಗೆ ಏನು ಮುಚ್ಚುತ್ತಿದ್ದರು, ಮಕ್ಕಳು ಶಾಲೆಯಿಂದ ಹೇಗೆ ಬರುತ್ತಿದ್ದರು ಎಂದು ಅವರ ಬಾಯಿಂದಲೇ ಕೇಳಿ ರೆಕಾರ್ಡ್ ಮಾಡಿಕೊಳ್ಳಬೇಕು. ಕನ್ನಡ, ಕೊಂಕಣಿ, ತುಳು, ಮಲಯಾಳಂ, ಅವರಿಗೆ ಯಾವುದು ಬರುತ್ತದೋ ಅದರಲ್ಲಿ. ಇಬ್ಬಿಬ್ಬರಾಗಿ ಹೋಗೋಣ. ಫೋನ್ ಚಾರ್ಜ್ ಮಾಡಿ ತನ್ನಿ.